ಎಥನಾಲ್ ಇಂಧನ ಮತ್ತು ವೇಗದ ಕಾರು

(ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ತಂಗಡಗಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)





ಮೋಟಾರು ವಾಹನಗಳ ಬಗ್ಗೆ ಏನಾದರೂ ಹೇಳಿ ಎಂದು ಸಂಘಟಕರು ಕೇಳಿಕೊಂಡರು. ‘ಏನಾದರೂ’ ಎಂಬುದು ಬಹಳ ದೊಡ್ಡ ವಿಷಯ. ಆದ್ದರಿಂದ ನಿಮ್ಮ ವಯಸ್ಸಿನ ಹುಡುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಒಂದೇ ಒಂದು ಪ್ರಶ್ನೆಯನ್ನು ಆಯ್ದುಕೊಂಡು ಬಂದಿದ್ದೇನೆ. ‘ಸರ್, ಟರ್ಬೊ ಇರುವ ಕಾರಿಗೆ ಎಥನಾಲ್ ಹಾಕಿದರೆ ಪವರ್ ಜಾಸ್ತಿ ಆಗುತ್ತದಂತೆ, ಹೌದೇ? ನಮ್ಮಲ್ಲೇ ಕಬ್ಬು ಬೆಳೆಯುತ್ತದೆ, ನಮ್ಮಲ್ಲೇ ಎಥನಾಲ್ ತಯಾರಾಗುತ್ತದೆ, ಹಾಕಿ ನೋಡಿದರೇನು?’

ಪವರ್ ಜಾಸ್ತಿಯಾಗುವುದು ನಿಜ. ಆದರೆ ಸುಮ್ಮನೆ ಹಾಕಿ ನೋಡಿದರೆ ಎಂಜಿನ್ ಹಾಳಾಗುವುದೂ ಅಷ್ಟೇ ನಿಜ. ಈ ಎರಡು ಮಾತುಗಳ ನಡುವೆ ಒಂದು ಇಡೀ ವಿದ್ಯೆ ಇದೆ. ಅದನ್ನು ಕಲಿತವನು ನಮ್ಮ ಭಾಗದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಕಬ್ಬು ನಮ್ಮದು, ಕಾರ್ಖಾನೆ ನಮ್ಮ ತಾಲೂಕಿನ ಯರಗಲ್ಲದಲ್ಲೂ ಇದೆ, ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲೂ ಇದೆ. ಆದರೆ ಆ ಇಂಧನವನ್ನು ಕುಡಿಯುವ ಎಂಜಿನ್ನಿನ ಲೆಕ್ಕ ಮಾತ್ರ ಬೇರೆ ಯಾರದೋ ಕೈಯಲ್ಲಿದೆ. ಇವತ್ತು ಆ ಲೆಕ್ಕವನ್ನು ನಿಮ್ಮ ಮುಂದೆ ಬಿಚ್ಚಿಡಲು ಪ್ರಯತ್ನಿಸುತ್ತೇನೆ.

ಮೊದಲು ಪದಾರ್ಥವನ್ನು ನೋಡೋಣ. ಚಳಿಗಾಲ ಬಂತೆಂದರೆ ಎರಡೆರಡು ಟ್ರಾಲಿ ಕಟ್ಟಿಕೊಂಡು, ಕಿವಿ ಕಿವುಡಾಗುವಂತೆ ಹಾಡು ಹಾಕಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ನಿಮಗೆ ಗೊತ್ತೇ ಇವೆ. ಆ ಕಬ್ಬಿನ ರಸದಿಂದಲೋ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದಲೋ ಯೀಸ್ಟ್ ಹಾಕಿ ಹುದುಗಿಸಿ, ಭಟ್ಟಿ ಇಳಿಸಿ ಎಥನಾಲ್ ತೆಗೆಯುತ್ತಾರೆ. ಭಟ್ಟಿಯಿಂದ ಎಷ್ಟೇ ಸಲ ಇಳಿಸಿದರೂ ಶೇಕಡಾ 95ರ ಆಸುಪಾಸಿನಲ್ಲಿ ಅದು ನಿಂತುಬಿಡುತ್ತದೆ. ಉಳಿದ ನೀರು ಅದನ್ನು ಬಿಟ್ಟು ಹೋಗುವುದಿಲ್ಲ. ಇಂಧನಕ್ಕೆ ಅಷ್ಟು ನೀರೂ ಇರಬಾರದು. ಆದ್ದರಿಂದ ಮಾಲಿಕ್ಯುಲರ್ ಸೀವ್ ಎಂಬ, ನೀರನ್ನು ಮಾತ್ರ ಹಿಡಿದುಕೊಳ್ಳುವ ಹರಳುಗಳ ಮೂಲಕ ಹಾಯಿಸಿ ಶೇಕಡಾ 99ಕ್ಕಿಂತ ಹೆಚ್ಚು ಶುದ್ಧ ಮಾಡುತ್ತಾರೆ.

ಇಲ್ಲಿ ಒಂದು ಮಾತು. ‘ಇದು ಶರಾಬಿನ ಜಾತಿಯದಲ್ಲವೇ, ನಾವು ಮುಟ್ಟಬಹುದೇ’ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಧಾರ್ಮಿಕ ಉತ್ತರ ಹೇಳುವುದು ಉಲೇಮಾಗಳ ಕೆಲಸ, ನನ್ನದಲ್ಲ. ರಸಾಯನಶಾಸ್ತ್ರದ ಮಟ್ಟಿಗೆ ಇಷ್ಟು ಹೇಳಬಲ್ಲೆ: ಇಂಧನದ ಎಥನಾಲ್ ಕುಡಿಯುವ ವಸ್ತುವಲ್ಲ. ಅದನ್ನು ಕುಡಿಯಲಾಗದಂತೆ ಬೇರೆ ರಾಸಾಯನಿಕ ಬೆರೆಸಿ ಕೆಡಿಸಿರುತ್ತಾರೆ. ಕುಡಿದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ನಿಮ್ಮ ನಿಮ್ಮ ಮನೆಗಳಲ್ಲಿ ಪೆಟ್ರೋಲ್ ಗಾಡಿ ಇದ್ದರೆ ಅದರ ಟ್ಯಾಂಕಿನಲ್ಲಿ ಈಗಾಗಲೇ ಅದು ಇದೆ. 2003ರಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇಕಡಾ 5 ಬೆರೆಸುವ ಕಾರ್ಯಕ್ರಮ ಆರಂಭವಾಯಿತು. 2022ರಲ್ಲಿ ದೇಶದ ಸರಾಸರಿ ಶೇಕಡಾ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಶೇಕಡಾ 20ರ ಪೆಟ್ರೋಲನ್ನು, ಅಂದರೆ ಇ-20ಯನ್ನು, ಪ್ರಧಾನಿಯವರು ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಅದೇ ಎಲ್ಲ ಕಡೆಯ ಪೆಟ್ರೋಲ್ ಆಯಿತು.

ಇನ್ನು ಓಟದ ಗಾಡಿಯವರು ಇದರ ಹಿಂದೆ ಏಕೆ ಬಿದ್ದಿದ್ದಾರೆ?

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಅದುಮುತ್ತದೆ, ಪ್ಲಗ್ ಕಿಡಿ ಹಾರಿಸುತ್ತದೆ. ಹೆಚ್ಚು ಅದುಮಿದಷ್ಟೂ ಹೆಚ್ಚು ಶಕ್ತಿ. ಟರ್ಬೊ ಮಾಡುವ ಕೆಲಸವೂ ಅದೇ: ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುರುಕುವುದು. ಆದರೆ ಅದುಮಿದ ಗಾಳಿ ಬಿಸಿಯಾಗುತ್ತದೆ. ಒಂದು ಮಿತಿ ದಾಟಿದರೆ ಕಿಡಿಯಿಂದ ಹೊತ್ತಿದ ಉರಿ ತಲುಪುವ ಮೊದಲೇ ಮಿಶ್ರಣದ ಒಂದು ಮೂಲೆ ತಾನೇ ಸ್ಫೋಟಿಸುತ್ತದೆ. ಗ್ಯಾರೇಜಿನಲ್ಲಿ ‘ನಾಕಿಂಗ್’ ಎನ್ನುತ್ತಾರಲ್ಲ, ಏರು ಹತ್ತುವಾಗ ಕೇಳುವ ಆ ಟಣ್ ಟಣ್ ಸದ್ದು ಅದೇ. ಇದನ್ನು ತಡೆಯುವ ಗುಣವೇ ಆಕ್ಟೇನ್. ನಮ್ಮ ಸಾಧಾರಣ ಪೆಟ್ರೋಲಿನ ಆಕ್ಟೇನ್ 91 ಇತ್ತು; ಇ-20ಗೆ ಅದು 95. ಶುದ್ಧ ಎಥನಾಲಿಗೆ ಸುಮಾರು 108.

ಇನ್ನೊಂದು ಗುಣ ಅದಕ್ಕಿಂತಲೂ ಸ್ವಾರಸ್ಯದ್ದು. ದವಾಖಾನೆಯಲ್ಲಿ ಸೂಜಿ ಚುಚ್ಚುವ ಮೊದಲು ಸ್ಪಿರಿಟ್ ಹಚ್ಚಿದಾಗ ತೋಳು ತಣ್ಣಗಾಗುತ್ತದೆ. ಆವಿಯಾಗುವಾಗ ಅದು ಚರ್ಮದ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಒಂದು ಕಿಲೋ ಎಥನಾಲ್ ಆವಿಯಾಗುವಾಗ ಒಂದು ಕಿಲೋ ಪೆಟ್ರೋಲಿಗಿಂತ ಸುಮಾರು ಎರಡೂವರೆ ಪಟ್ಟು ಶಾಖವನ್ನು ಹೀರುತ್ತದೆ. ಸಿಲಿಂಡರಿನೊಳಗೂ ಇದೇ ನಡೆಯುತ್ತದೆ. ಗಾಳಿ ತಂಪಾಗುತ್ತದೆ, ತಂಪಾದ ಗಾಳಿ ದಟ್ಟವಾಗುತ್ತದೆ, ನಾಕಿಂಗ್ ದೂರ ಸರಿಯುತ್ತದೆ. ಆಗ ಟರ್ಬೊ ಒತ್ತಡವನ್ನು ಏರಿಸಬಹುದು, ಕಿಡಿಯನ್ನು ಇನ್ನಷ್ಟು ಮುಂಚೆ ಹಾರಿಸಬಹುದು.

ಇದು ಬಾಯಿಮಾತಲ್ಲ. ಸ್ವೀಡನ್ನಿನ ಸಾಬ್ ಕಂಪನಿ 2005ರಲ್ಲಿ ತಂದ ‘9-5 ಬಯೋಪವರ್’ ಎಂಬ ಟರ್ಬೊ ಕಾರು ಪೆಟ್ರೋಲಿನಲ್ಲಿ 150 ಅಶ್ವಶಕ್ತಿ ಕೊಡುತ್ತಿತ್ತು. ಶೇಕಡಾ 85 ಎಥನಾಲಿನ ಇ-85 ಹಾಕಿದರೆ ಅದೇ ಕಾರು 180 ಕೊಡುತ್ತಿತ್ತು. ಅದೇ ದೇಶದ ಕೋನಿಗ್ಸೆಗ್ ಎಂಬ ಅತಿವೇಗದ ಕಾರಿನ ತಯಾರಕರು ತಮ್ಮ 806 ಅಶ್ವಶಕ್ತಿಯ ಕಾರನ್ನು 2007ರಲ್ಲಿ ಇ-85ಗೆ ಹೊಂದಿಸಿ 1,018ಕ್ಕೆ ಒಯ್ದರು. ಗಮನಿಸಿ, ‘ಹೊಂದಿಸಿ’ ಎಂದೆ. ಇಂಧನ ತಾನಾಗಿ ಆ ಇನ್ನೂರು ಅಶ್ವಗಳನ್ನು ಹೊತ್ತು ತರಲಿಲ್ಲ. ಟರ್ಬೊ ಇಲ್ಲದ, ಹೊಂದಿಕೆ ಬದಲಿಸದ ಸಾಧಾರಣ ಕಾರಿಗೆ ಎಥನಾಲ್ ಹಾಕಿದರೆ ಹೆಚ್ಚೇನೂ ಸಿಗುವುದಿಲ್ಲ.

ಈಗ ಕಷ್ಟದ ಭಾಗಕ್ಕೆ ಬರೋಣ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಏಕೆಂದರೆ ಅದರ ಅಣುವಿನೊಳಗೇ ಆಮ್ಲಜನಕ ಕೂತಿದೆ; ಅರ್ಧ ಸುಟ್ಟ ಕಟ್ಟಿಗೆಯಂತೆ ಎನ್ನಿ. ಹೀಗಾಗಿ ಅದಕ್ಕೆ ಗಾಳಿ ಕಡಿಮೆ ಸಾಕು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಎಥನಾಲಿಗೆ 9 ಗ್ರಾಂ ಸಾಕು. ಇ-85ಗೆ ಸುಮಾರು 9.8. ಎಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಇರುವಾಗ, ಇಂಧನವನ್ನು ಹೆಚ್ಚು ಸುರಿಯಬೇಕಾಗುತ್ತದೆ. ಎಷ್ಟು ಹೆಚ್ಚು? ಲೀಟರ್ ಲೆಕ್ಕದಲ್ಲಿ ಇ-85ಗೆ ಸುಮಾರು ಶೇಕಡಾ 40.

ಹತ್ತನೇ ತರಗತಿಯವರೂ ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. ಇಂಜೆಕ್ಟರ್ ಎಂದರೆ ಕ್ಷಣಕ್ಕೊಮ್ಮೆ ತೆರೆದು ಮುಚ್ಚುವ ನಲ್ಲಿ. ಒಂದು ಕಾರಿನ ಇಂಜೆಕ್ಟರ್, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಪೆಟ್ರೋಲಿನಲ್ಲಿ ನೂರಕ್ಕೆ 80 ಭಾಗ ಸಮಯ ತೆರೆದಿರುತ್ತದೆ ಎಂದುಕೊಳ್ಳಿ. ಇ-85ಗೆ ಅದನ್ನು 1.4ರಿಂದ ಗುಣಿಸಿ. 112 ಬಂತು. ನೂರಕ್ಕೆ 112 ಭಾಗ ತೆರೆದಿರುವ ನಲ್ಲಿ ಜಗತ್ತಿನಲ್ಲಿ ಇಲ್ಲ. ಅದು ಮುಚ್ಚದೆ ಪೂರ್ತಿ ತೆರೆದೇ ಉಳಿಯುತ್ತದೆ, ಆದರೂ ಇಂಧನ ಸಾಲದು. ಟರ್ಬೊ ಗಾಳಿ ತುರುಕುತ್ತಿದೆ, ಇಂಧನ ಕಡಿಮೆ ಬೀಳುತ್ತಿದೆ, ಉರಿಯ ಶಾಖ ಏರುತ್ತಿದೆ. ಅಲ್ಯೂಮಿನಿಯಂ ಪಿಸ್ಟನ್ನಿನ ತಲೆ ಕರಗಿ ತೂತು ಬೀಳುವುದು ಹೀಗೆ. ಹೊರಗಿನಿಂದ ನೋಡಿದವರು ‘ಎಥನಾಲ್ ಎಂಜಿನ್ ತಿಂದಿತು’ ಎನ್ನುತ್ತಾರೆ. ಎಂಜಿನ್ನನ್ನು ತಿಂದದ್ದು ಮಾಡದೆ ಬಿಟ್ಟ ಗುಣಾಕಾರ.

ಆದ್ದರಿಂದ ದೊಡ್ಡ ಇಂಜೆಕ್ಟರ್ ಬೇಕು, ಅದಕ್ಕೆ ತಕ್ಕ ಪಂಪ್ ಬೇಕು. ಎಥನಾಲಿಗೆ ಹಳೆಯ ರಬ್ಬರ್ ಉಬ್ಬುತ್ತದೆ, ಸತು ಮತ್ತು ಅಲ್ಯೂಮಿನಿಯಂ ಭಾಗಗಳು ಸವೆಯುತ್ತವೆ. ಹೀಗಾಗಿ ಪೈಪು, ಸೀಲುಗಳನ್ನು ವಿಟಾನ್, ಟೆಫ್ಲಾನ್ ಜಾತಿಯವಕ್ಕೆ ಬದಲಿಸಬೇಕು. ಹಳೆಯ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಎಥನಾಲ್ ತೊಳೆದು ತಂದು ಫಿಲ್ಟರಿನಲ್ಲಿ ತುಂಬುತ್ತದೆ, ಮೊದಲ ತಿಂಗಳು ಫಿಲ್ಟರ್ ಬದಲಿಸುತ್ತಲೇ ಇರಬೇಕು. ಇವೆಲ್ಲ ದುಡ್ಡು ಕೊಟ್ಟರೆ ಸಿಗುವ ಸಾಮಾನುಗಳು, ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ.

ದುಡ್ಡು ಕೊಟ್ಟು ತರಲಾಗದ್ದು ಹೊಂದಿಕೆ. ಇವತ್ತು ಟ್ಯಾಂಕಿನಲ್ಲಿ ಎಷ್ಟು ಎಥನಾಲ್ ಇದೆ ಎಂಬುದು ಎಂಜಿನ್ನಿಗೆ ಗೊತ್ತಾಗುವುದು ಹೇಗೆ? ಮಿಶ್ರಣ ದಿನಕ್ಕೊಂದು ಆಗುತ್ತದೆ. ನಿಮ್ಮ 40 ಲೀಟರ್ ಟ್ಯಾಂಕಿನಲ್ಲಿ ಅರ್ಧ ಇ-20 ಇದೆ, ಅಂದರೆ 20 ಲೀಟರಿನಲ್ಲಿ 4 ಲೀಟರ್ ಎಥನಾಲ್. ಬೆಂಗಳೂರಿಗೆ ಹೋದಾಗ ಇ-100 ಸಿಕ್ಕಿತು, 20 ಲೀಟರ್ ಹಾಕಿಸಿದಿರಿ. ಹೆಸರು ನೂರಾದರೂ ಅದರಲ್ಲಿರುವ ಎಥನಾಲ್ ಶೇಕಡಾ 93ರಷ್ಟು; ಉಳಿದದ್ದು ಪೆಟ್ರೋಲ್ ಮತ್ತು ಎರಡನ್ನೂ ಬೆಸೆಯುವ ಇನ್ನೊಂದು ದ್ರವ. ಹಾಗಾದರೆ 18.6ಕ್ಕೆ 4 ಸೇರಿಸಿ, 40ರಿಂದ ಭಾಗಿಸಿ. ಶೇಕಡಾ 56ಕ್ಕಿಂತ ಸ್ವಲ್ಪ ಹೆಚ್ಚು. ಈ ಸಂಖ್ಯೆ ಬದಲಾದಂತೆ ಇಂಧನದ ಪ್ರಮಾಣ, ಕಿಡಿಯ ಸಮಯ, ಟರ್ಬೊ ಒತ್ತಡ ಎಲ್ಲವೂ ಬದಲಾಗಬೇಕು. ಹೀಗೆ ಯಾವ ಮಿಶ್ರಣಕ್ಕೂ ಹೊಂದಿಕೊಳ್ಳುವ ಗಾಡಿಗೇ ಫ್ಲೆಕ್ಸ್ ಫ್ಯುಯೆಲ್ ಗಾಡಿ ಎಂದು ಹೆಸರು.

ಆ ಸಂಖ್ಯೆಯನ್ನು ಓದುವ ಸೆನ್ಸರ್ ಒಂದಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರೊಳಗೆ ಎರಡು ಲೋಹದ ಗೋಡೆಗಳ ನಡುವೆ ಇಂಧನ ಹರಿಯುತ್ತದೆ, ಅಂದರೆ ಅದೊಂದು ಕೆಪ್ಯಾಸಿಟರ್. ದ್ವಿತೀಯ ಪಿಯುಸಿಯ ವಿಜ್ಞಾನ ವಿದ್ಯಾರ್ಥಿಗಳು ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿರುತ್ತೀರಿ. ಪೆಟ್ರೋಲಿಗೆ ಅದು ಸುಮಾರು 2, ಎಥನಾಲಿಗೆ 24ರ ಸುಮಾರು. ಎಥನಾಲ್ ಹೆಚ್ಚಿದಂತೆ ಕೆಪ್ಯಾಸಿಟೆನ್ಸ್ ಹೆಚ್ಚುತ್ತದೆ, ಸೆನ್ಸರ್ ಅದನ್ನು ವಿದ್ಯುತ್ ಸ್ಪಂದನವಾಗಿ ಮಾರ್ಪಡಿಸಿ ಕಾರಿನ ಕಂಪ್ಯೂಟರಿಗೆ ಕಳಿಸುತ್ತದೆ. ಹೆಚ್ಚಾಗಿ ಬಳಕೆಯಲ್ಲಿರುವ ಸೆನ್ಸರಿನಲ್ಲಿ ಎಥನಾಲ್ ಇಲ್ಲದಿದ್ದರೆ 50 ಹರ್ಟ್ಸ್, ಪೂರ್ತಿ ಎಥನಾಲ್ ಆದರೆ 150 ಹರ್ಟ್ಸ್. ಬಂದ ಸಂಖ್ಯೆಯಿಂದ 50 ಕಳೆದರೆ ಶೇಕಡಾವಾರು ಸಿಕ್ಕಿತು. ಇಷ್ಟು ಸರಳ. ಬ್ರೆಜಿಲಿನವರು ಇದನ್ನೂ ಉಳಿಸಿದರು. 2003ರಲ್ಲಿ ಅಲ್ಲಿ ಫೋಕ್ಸ್‌ವ್ಯಾಗನ್ ಗೋಲ್ ಎಂಬ ಕಾರು ಫ್ಲೆಕ್ಸ್ ಫ್ಯುಯೆಲ್ ಆಗಿ ಬಂದಾಗ, ಹೊಗೆ ಕೊಳವೆಯಲ್ಲಿ ಮೊದಲೇ ಇದ್ದ ಆಮ್ಲಜನಕದ ಸೆನ್ಸರಿನಿಂದಲೇ ಮಿಶ್ರಣವನ್ನು ಊಹಿಸುವಂತೆ ಸಾಫ್ಟ್‌ವೇರ್ ಬರೆದರು. ಹೊಸ ಸಾಮಾನಿಲ್ಲ, ಬರೀ ಲೆಕ್ಕ.

ನಮ್ಮಲ್ಲಿ ಇಂಥ ಗಾಡಿ ಬಂದದ್ದು ಯಾವಾಗ? ಮೈಸೂರಿನಲ್ಲೂ ಕಾರ್ಖಾನೆಯಿರುವ ಟಿವಿಎಸ್ ಕಂಪನಿ 2019ರ ಜುಲೈಯಲ್ಲಿ ‘ಅಪಾಚೆ ಆರ್‌ಟಿಆರ್ 200’ ಬೈಕಿನ ಇ-100 ಮಾದರಿಯನ್ನು ಬಿಡುಗಡೆ ಮಾಡಿತು. ಓಟದ ಬೈಕಿನ ಜಾತಿಯದು, ಆಗಿನ ಬೆಲೆ 1 ಲಕ್ಷ 20 ಸಾವಿರ. ಮೊದಲು ಮಾರಲು ಆಯ್ದ ಮೂರು ರಾಜ್ಯಗಳಲ್ಲಿ ನಮ್ಮದೂ ಒಂದು. ಆದರೆ ಗಾಡಿ ಬಂತು, ಪಂಪು ಬರಲಿಲ್ಲ! ಪುಣೆಯಲ್ಲಿ ಪ್ರಾಯೋಗಿಕವಾಗಿ ಇ-100 ಬಂಕುಗಳು ಆರಂಭವಾದದ್ದು 2021ರ ಜೂನಿನಲ್ಲಿ. ಕರ್ನಾಟಕವೂ ಸೇರಿ ಐದು ಕಡೆ 183 ಬಂಕುಗಳಲ್ಲಿ ಇ-100 ಘೋಷಣೆಯಾದದ್ದು 2024ರ ಮಾರ್ಚಿಯಲ್ಲಿ. ಅಂಗಡಿಗೆ ಬಂದ ಗಾಡಿಗೆ ಕುಡಿಸಲು ಇಂಧನ ಇಲ್ಲದಿದ್ದರೆ ಯಾರು ಕೊಳ್ಳುತ್ತಾರೆ? ಬಿಡದಿಯಲ್ಲಿ ಕಾರ್ಖಾನೆಯಿರುವ ಟೊಯೋಟಾ ಕಿರ್ಲೋಸ್ಕರ್ 2023ರ ಆಗಸ್ಟಿನಲ್ಲಿ ಇನೋವಾ ಹೈಕ್ರಾಸಿನ ಫ್ಲೆಕ್ಸ್ ಫ್ಯುಯೆಲ್ ಮಾದರಿಯನ್ನು ಪ್ರದರ್ಶಿಸಿತು. ಹೋಂಡಾದವರು 2024ರಲ್ಲಿ 300 ಸಿಸಿಯ ಬೈಕ್ ತಂದರು. ಇಂಥ ಗಾಡಿಗಳು ಬರುತ್ತಲೇ ಇರುತ್ತವೆ. ಅವು ಕೆಟ್ಟು ನಿಂತಾಗ ಬಾನೆಟ್ ತೆರೆಯುವವರು ಯಾರು ಎಂಬುದು ನನ್ನ ಚಿಂತೆ.

ಆದರೆ ಅದಕ್ಕೂ ಮೊದಲು, ‘ನಾನೇ ನನ್ನ ಕಾರನ್ನು ಬದಲಿಸುತ್ತೇನೆ’ ಎನ್ನುವವರಿಗೆ ಕಾನೂನಿನ ಮಾತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದ ಒಂದು ಪ್ರಕರಣದಲ್ಲಿ, ತಯಾರಕರ ಮೂಲ ನಿರ್ದಿಷ್ಟತೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182-ಎ ಕಲಮಿನಂತೆ, ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇದನ್ನೇ. ಆದ್ದರಿಂದ ಮುದ್ದೇಬಿಹಾಳ ರಸ್ತೆಯ ಮೇಲೆ ಓಡುವ ಕಾರಿನಲ್ಲಿ ಈ ಪ್ರಯೋಗ ಬೇಡ. ಗುಜರಿಯಿಂದ ತಂದ ಎಂಜಿನ್ನನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ ಕಲಿಯಿರಿ. ಕಲಿತ ಮೇಲೆ ಪರವಾನಗಿ ಪಡೆದ ರೇಸ್ ಟ್ರ್ಯಾಕ್ ಇದೆ.

ಉಳಿತಾಯದ ಆಸೆಯವರಿಗೂ ಒಂದು ಸೂತ್ರ. ಬ್ರೆಜಿಲಿನ ಜನ ಬಂಕಿನಲ್ಲಿ ನಿಂತು ಮನಸ್ಸಿನಲ್ಲೇ ಮಾಡುವ ಲೆಕ್ಕ: ಎಥನಾಲಿನ ದರ ಪೆಟ್ರೋಲಿನ ದರದ ನೂರಕ್ಕೆ 70ಕ್ಕಿಂತ ಕಡಿಮೆಯಿದ್ದರೆ ಎಥನಾಲ್, ಇಲ್ಲದಿದ್ದರೆ ಪೆಟ್ರೋಲ್. ಇ-20 ಬಂದ ಮೇಲೆ ಮೈಲೇಜ್ ಕಡಿಮೆಯಾಯಿತು ಎನ್ನುವವರ ಮಾತಿನಲ್ಲೂ ಅರ್ಥವಿಲ್ಲದಿಲ್ಲ. ನೀತಿ ಆಯೋಗದ 2021ರ ವರದಿಯೇ, ಹಳೆಯ ಹೊಂದಿಕೆಯ ಕಾರುಗಳಲ್ಲಿ ಶೇಕಡಾ 6ರಿಂದ 7ರಷ್ಟು ಇಳಿಕೆಯಾಗಬಹುದೆಂದು ಬರೆದಿತ್ತು.

ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿದೆ, ಕೃಷ್ಣೆಯ ದಂಡೆಯಲ್ಲಿ ಕೂತಿರುವ ನಾವು ಅದನ್ನು ದಾಟಿ ಹೋಗುವಂತಿಲ್ಲ. ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥನಾಲ್. ಒಂದು ಲೀಟರ್ ಎಥನಾಲಿನ ಹಿಂದೆ ಸುಮಾರು 2,860 ಲೀಟರ್ ನೀರು. ನಾನು ಹೇಳಿದ 40 ಲೀಟರ್ ಟ್ಯಾಂಕನ್ನು ತುಂಬಿಸಿ ನೋಡಿ: ಅರ್ಧ ಟನ್ನಿಗಿಂತ ಸ್ವಲ್ಪ ಹೆಚ್ಚು ಕಬ್ಬು, ಒಂದು ಲಕ್ಷ ಹದಿನಾಲ್ಕು ಸಾವಿರ ಲೀಟರ್ ನೀರು. ಬೇಸಿಗೆಯಲ್ಲಿ ಹಳ್ಳಿಗಳಿಗೆ ಬರುವ 5,000 ಲೀಟರಿನ ಟ್ಯಾಂಕರುಗಳಲ್ಲಿ ಎಣಿಸಿದರೆ ಸುಮಾರು ಇಪ್ಪತ್ತಮೂರು. ಕಾಕಂಬಿಯಿಂದ ತೆಗೆದರೆ ಸಕ್ಕರೆಯೂ ಸಿಕ್ಕಿರುತ್ತದೆ, ಆ ಲೆಕ್ಕ ಬೇರೆ. ಮೆಕ್ಕೆಜೋಳದಿಂದ ತೆಗೆಯುವುದೂ ಈಗ ಹೆಚ್ಚಾಗಿದೆ. ಕಬ್ಬು ಬೆಳೆಯುವ ರೈತನನ್ನು ದೂರಲು ಈ ಮಾತು ಹೇಳುತ್ತಿಲ್ಲ. 2023ರ ಡಿಸೆಂಬರಿನಲ್ಲಿ ಮಳೆ ಕಡಿಮೆಯೆಂದು ಸರ್ಕಾರ ಕಬ್ಬಿನ ರಸದಿಂದ ಎಥನಾಲ್ ತಯಾರಿಕೆಯನ್ನು ಹಠಾತ್ತಾಗಿ ನಿಲ್ಲಿಸಿ, ಸುಮಾರು ಒಂದು ವಾರದ ನಂತರ ಭಾಗಶಃ ಸಡಿಲಿಸಿದಾಗ ಗಲಿಬಿಲಿಯಾದದ್ದು ಅವನಿಗೂ ಸೇರಿಯೇ. ನೂರು ಮಾರು ದೂರಕ್ಕೆ ಟೈರು ಸುಟ್ಟು ಹೊಗೆ ಎಬ್ಬಿಸಲು ಈ ಇಂಧನ ಬಹಳ ದುಬಾರಿಯದು ಎಂದಷ್ಟೇ ನನ್ನ ಅಭಿಪ್ರಾಯ.

ಈಗ ಪಾಲಕರಿಗೆ. ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಗ್ಯಾರೇಜಿನ ದುಡಿಮೆಯಿಂದ. ಮುದ್ದೇಬಿಹಾಳ, ತಾಳಿಕೋಟಿ, ವಿಜಯಪುರಗಳ ಉಸ್ತಾದರು ಸ್ಕ್ರೂಡ್ರೈವರಿನ ಹಿಡಿಕೆಯನ್ನು ಕಿವಿಗಿಟ್ಟುಕೊಂಡು ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲವರು. ಕಾರ್ಬ್ಯುರೇಟರಿನ ತಿರುಪನ್ನು ಅರ್ಧ ಸುತ್ತು ತಿರುಗಿಸಿ ಗಾಡಿಯ ಉಸಿರು ಸರಿಮಾಡಿದವರು. ಆ ವಿದ್ಯೆಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಆದರೆ 2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಬಂದು ಹೊಸ ದ್ವಿಚಕ್ರ ವಾಹನಗಳಿಂದ ಆ ತಿರುಪೇ ಮಾಯವಾಯಿತು. ತಿರುಗಿಸಬೇಕಾದ್ದು ಈಗ ಲ್ಯಾಪ್‌ಟಾಪಿನ ಪರದೆಯ ಮೇಲಿನ ಒಂದು ಕೋಷ್ಟಕದಲ್ಲಿದೆ. ಉಸ್ತಾದನ ಕೈಕೆಳಗೆ ಬಿಟ್ಟರೆ ಸಾಕು ಎಂದು ಎಂಟನೇ ತರಗತಿಗೆ ಶಾಲೆ ಬಿಡಿಸಿದ ಹುಡುಗ ಆ ಕೋಷ್ಟಕದ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಅವನಿಗೆ ಬುದ್ಧಿ ಕಡಿಮೆಯಲ್ಲ. ಶೇಕಡಾವಾರು, ಅನುಪಾತ, ಹರ್ಟ್ಸ್ ಎಂಬ ಪದಗಳನ್ನು ಕೇಳುವ ಮೊದಲೇ ನಾವು ಅವನ ಕೈಗೆ ಪಾನಾ ಕೊಟ್ಟೆವು. ಹತ್ತನೇ ತರಗತಿ ಮುಗಿಸಲಿ, ಐಟಿಐ ಇಲ್ಲವೇ ಆಟೊಮೊಬೈಲ್ ಡಿಪ್ಲೊಮಾ ಮಾಡಲಿ, ರಜೆಯಲ್ಲಿ ಗ್ಯಾರೇಜಿಗೂ ಹೋಗಲಿ. ಹೆಣ್ಣುಮಕ್ಕಳಿಗೂ ಇದು ಹೊರತಲ್ಲ. ಎಂಜಿನ್ ಹೊಂದಿಕೆಯ ಕೆಲಸಕ್ಕೆ ತೋಳಿನ ಬಲ ಬೇಡ, ಗಣಿತ ಬೇಕು.

ಸಂಸ್ಥೆಯವರಲ್ಲೂ ಒಂದು ವಿನಂತಿ. ಒಂದು ವರ್ಷ ಶಾಮಿಯಾನಾ ಚಿಕ್ಕದಿರಲಿ. ಉಳಿದ ಹಣದಲ್ಲಿ ಗುಜರಿಯ ಒಂದು ಇಂಜೆಕ್ಷನ್ ಎಂಜಿನ್, ಒಂದು ಸ್ಕ್ಯಾನರ್, ಒಂದು ಹಳೆಯ ಲ್ಯಾಪ್‌ಟಾಪ್ ಬರುತ್ತವೆ.

ಅಷ್ಟರವರೆಗೆ, ವಿದ್ಯಾರ್ಥಿಗಳೆ, ಕಾಲೇಜಿನ ಪ್ರಯೋಗಶಾಲೆಯಲ್ಲಿ ಉಪನ್ಯಾಸಕರ ಎದುರಿನಲ್ಲೇ ಒಂದು ಪ್ರಯೋಗ ಮಾಡಿ. ಬೆಂಕಿ, ಸ್ಟವ್, ಮೊಬೈಲು ದೂರವಿರಲಿ, ಕಿಟಕಿ ತೆರೆದಿರಲಿ. ಮುಚ್ಚಳವಿರುವ ಅಳತೆಯ ಗಾಜಿನ ಜಾಡಿಯಲ್ಲಿ 50 ಮಿಲಿ ಲೀಟರ್ ನೀರು, ಅದರ ಮೇಲೆ ಬಂಕಿನಿಂದ ತಂದ 50 ಮಿಲಿ ಲೀಟರ್ ಪೆಟ್ರೋಲ್ ಹಾಕಿ, ಚೆನ್ನಾಗಿ ಕುಲುಕಿ, ಹತ್ತು ನಿಮಿಷ ಬಿಡಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿಕೊಳ್ಳುತ್ತದೆ. ಟ್ಯಾಂಕಿಗೆ ಮಳೆನೀರು ಹೊಕ್ಕ ಗಾಡಿ ಕೆಡುವುದೂ ಇದೇ ಕಾರಣಕ್ಕೆ. ಈಗ ಕೆಳಗಿನ ಪದರ ಎಷ್ಟಿದೆ ನೋಡಿ. ಪೆಟ್ರೋಲ್ ಇ-20 ಆಗಿದ್ದರೆ ಅದು 60ರ ಗೆರೆಯ ಹತ್ತಿರ ಇರಬೇಕು. ಎರಡು ಮೂರು ಬಂಕುಗಳ ಪೆಟ್ರೋಲನ್ನು ಹೀಗೆ ಅಳೆದು, ಬಂದ ಅಂಕಿಗಳನ್ನು ತಾರೀಖಿನೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಬಂದಾಗ ಆ ನೋಟ್‌ಬುಕ್ ನೋಡಲು ಕೇಳುತ್ತೇನೆ.